ಓದುವ ಮಕ್ಕಳು ಉಣ್ಣುವುದೇನು?

ಹಿಂದೊಂದು ಕಾಲದಲ್ಲಿ ಹಳ್ಳಿಯಿಂದ ಮೈಸೂರಿಗೆ ಓದಲು ಬಂದ ಎಷ್ಟೋ ಬಡ ಹುಡುಗರನ್ನು ಸಲಹಿದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ಏಳು ದಿನಕ್ಕೆ ಏಳು ಮನೆಗಳ ಊಟ. ಅದರಲ್ಲಿ ಜಾತಿಯ ಕಟ್ಟುಪಾಡಿತ್ತು, ಪರರ ಜಗುಲಿಯಲ್ಲಿ ಕಾಯುವ ಸಂಕೋಚವೂ ಇತ್ತು. ಆದರೂ ಎಲೆಯ ಮೇಲೆ ಅನ್ನ, ಹುಳಿ, ಪಲ್ಯ, ಮಜ್ಜಿಗೆ ಬೀಳುತ್ತಿದ್ದವು. ಹುಡುಗ ಬಾರದಿದ್ದರೆ ‘ಇಂದೇಕೆ ಬರಲಿಲ್ಲ?’ ಎಂದು ಕೇಳುವವರಿದ್ದರು.

ಇಂದು ಮಾನಸಗಂಗೋತ್ರಿಗೋ ಮಹಾರಾಜ ಕಾಲೇಜಿಗೋ ಸೇರಿ, ಸರಸ್ವತೀಪುರದಲ್ಲಿ ಬಾಡಿಗೆ ಕೊಠಡಿ ಹಿಡಿದ ತರುಣನಿಗೆ ಆ ಸಂಕೋಚವಿಲ್ಲ, ಕೇಳುವವರೂ ಇಲ್ಲ. ಬೆಳಗಿನ ತಿಂಡಿಯ ಬದಲು ಕಾಫಿ, ಮಧ್ಯಾಹ್ನ ಚಿತ್ರಾನ್ನ, ಸಂಜೆ ಬೋಂಡ, ರಾತ್ರಿ ನೂಡಲ್ಸ್. ಹೊಟ್ಟೆಯೇನೋ ತುಂಬುತ್ತದೆ, ಆದರೆ ದೇಹಕ್ಕೆ ಸಲ್ಲುವುದು ಬಹುಪಾಲು ಪಿಷ್ಟ ಮತ್ತು ಎಣ್ಣೆ. ಪಾಠದ ನಡುವೆ ತೂಕಡಿಕೆ, ಪರೀಕ್ಷೆಯ ಹೊತ್ತಿಗೆ ನಿಶ್ಶಕ್ತಿ ಕಾಣಿಸಿಕೊಂಡರೆ ಆಶ್ಚರ್ಯವೇನು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಪಡಿಸಿದ ಪ್ರಕಾರ, ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. 55 ಕಿಲೋ ತೂಗುವವರಿಗೆ ಅದು ಸುಮಾರು 46 ಗ್ರಾಂ. ಕಬ್ಬಿಣದ ಅಂಶವು ತರುಣನಿಗೆ 19 ಮಿಲಿಗ್ರಾಂ ಸಾಕಾದರೆ, ತರುಣಿಗೆ 29 ಮಿಲಿಗ್ರಾಂ ಬೇಕು. ಊಟ ಬಿಟ್ಟು ತೆಳ್ಳಗಾಗಬಯಸುವ ಹೆಣ್ಣುಮಕ್ಕಳು ಇದನ್ನು ಮರೆಯಬಾರದು.

ಇದಕ್ಕೆ ದುಬಾರಿ ಪುಡಿಗಳೇ ಆಗಬೇಕೆಂದಿಲ್ಲ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ ಮೈಸೂರಿನಲ್ಲೇ ಇದೆ. ಅಲ್ಲಿನ ವಿಜ್ಞಾನಿಗಳು ಅಪೌಷ್ಟಿಕತೆಯನ್ನು ನೀಗಲೆಂದು ರೂಪಿಸಿದ ‘ಬಹೂಪಯೋಗಿ ಆಹಾರ’ಕ್ಕೆ ಮೂಲವಸ್ತುಗಳು ಯಾವುವು? ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮತ್ತು ಕಡಲೆಯ ಹಿಟ್ಟು! ಕೊಠಡಿಯ ಡಬ್ಬಿಯಲ್ಲಿ ಕಡಲೆಕಾಯಿ ಬೀಜವೂ ಹುರಿಗಡಲೆಯೂ ಇದ್ದರೆ ಸಂಜೆಯ ಬೋಂಡಕ್ಕೆ ಬದಲಿ ಸಿಕ್ಕಂತೆಯೇ.

ಒಲೆಯಿಲ್ಲದವರೂ ಕೋಸಂಬರಿ ಮಾಡಿಕೊಳ್ಳಬಹುದು. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ಕ್ಯಾರೆಟ್ ಬೆರೆಸಿ ನಿಂಬೆಹಣ್ಣು ಹಿಂಡಿದರಾಯಿತು. ನಿಂಬೆಯಲ್ಲಿರುವ ‘ಸಿ’ ಜೀವಸತ್ವವು ಬೇಳೆಯ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟದೊಡನೆಯೇ ಕುಡಿಯುವ ಕಾಫಿ, ಟೀ ಅದಕ್ಕೆ ಅಡ್ಡಿಮಾಡುತ್ತವೆ. ಒಲೆಯಿದ್ದರೆ ಮೈಸೂರು ಸೀಮೆಯ ಮುದ್ದೆ-ಬಸ್ಸಾರಿಗಿಂತ ಬೇರೆ ಬೇಕೇ? ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 300 ಮಿಲಿಗ್ರಾಮಿಗೂ ಮಿಗಿಲು. ಅಷ್ಟೇ ತೂಕದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಬಸ್ಸಾರಿನ ಕಾಳು, ಜೊತೆಯ ಸೊಪ್ಪಿನ ಪಲ್ಯ ಮಿಕ್ಕ ಕೊರತೆಯನ್ನು ತುಂಬುತ್ತವೆ. ಮೇಲೊಂದು ಲೋಟ ಮಜ್ಜಿಗೆ, ದೇವರಾಜ ಮಾರುಕಟ್ಟೆಯ ಒಂದು ಸೀಬೆಹಣ್ಣು ಇದ್ದರೆ ಊಟ ಪೂರ್ಣ.

ಮೆಸ್ಸಿನಲ್ಲಿ ಉಣ್ಣುವವರಿಗೂ ಸುಲಭ ಸೂತ್ರವೊಂದಿದೆ: ತಟ್ಟೆಯ ಅರ್ಧ ತರಕಾರಿ, ಸೊಪ್ಪು, ಹಣ್ಣು, ಉಳಿದರ್ಧದಲ್ಲಿ ಅನ್ನ, ಬೇಳೆ, ಮೊಸರು. ಮೊದಲು ಪಲ್ಯ ಬಡಿಸಿಕೊಂಡು ಆಮೇಲೆ ಅನ್ನ ಹಾಕಿಕೊಂಡರೆ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಊರಿನಿಂದ ದೂರವಾಣಿಯಲ್ಲಿ ತಾಯಿ ಕೇಳುವ ಮೊದಲ ಮಾತು ‘ಊಟ ಆಯ್ತಾ?’ ‘ಆಯ್ತಮ್ಮ’ ಎಂದು ಉತ್ತರಿಸುವುದು ಸುಲಭ. ‘ಏನು ಉಂಡೆ, ಮಗು?’ ಎಂದು ಇನ್ನೊಂದು ಮಾತು ಕೇಳಲಿ. ವಾರಾನ್ನದ ಮನೆಗಳು ಕೇಳುತ್ತಿದ್ದ ಆ ಪ್ರಶ್ನೆಯನ್ನು ಕೇಳುವವರು ಇಂದಿಗೂ ಬೇಕು.