ವಿಜ್ಞಾನಿಗಳ ಪಾಲಕ ಸಂತ ಮಹಾ ಆಲ್ಬರ್ಟರು
(ಹಬ್ಬ: ನವೆಂಬರ್ 15)



ವಿಜ್ಞಾನ ಓದಿದರೆ ಮಕ್ಕಳ ವಿಶ್ವಾಸ ಕುಂದೀತೆಂಬ ಆತಂಕ ನಮ್ಮ ಕೆಲವು ಮನೆಗಳಲ್ಲಿದೆ. ಮಕ್ಕಳೂ ಕೇಳುತ್ತಾರೆ: ಶಾಲೆಯ ಪಾಠ ಸರಿಯೋ, ಧರ್ಮೋಪದೇಶ ಸರಿಯೋ? ಇಂಥ ಮನೆಗಳಿಗೆ ನಾವು ಸಂತ ಮಹಾ ಆಲ್ಬರ್ಟರನ್ನು ಪರಿಚಯಿಸಬಯಸುತ್ತೇವೆ.

1200ರ ಸುಮಾರಿಗೆ ಜರ್ಮನಿಯ ಡ್ಯಾನ್ಯೂಬ್ ನದಿತೀರದ ಲೌಯಿಂಗನ್‌ನಲ್ಲಿ ಜನಿಸಿದ ಇವರು, ಇಟಲಿಯಲ್ಲಿ ಓದುತ್ತಿದ್ದಾಗ ಸಂತ ದೊಮಿನಿಕರ ಸಭೆಯನ್ನು ಸೇರಿದರು. ಮುಂದೆ ಪ್ಯಾರಿಸ್ ಹಾಗೂ ಕೊಲೋನ್ ನಗರಗಳಲ್ಲಿ ಬೋಧಿಸಿದರು. ಸಂತ ಥಾಮಸ್ ಅಕ್ವಿನಾಸರು ಇವರ ಶಿಷ್ಯರು. ಅರಿಸ್ಟಾಟಲನ ಗ್ರಂಥಗಳಿಂದ ವಿಶ್ವಾಸಕ್ಕೆ ಧಕ್ಕೆಯೆಂದು ಅನೇಕರು ಹೆದರುತ್ತಿದ್ದ ಆ ಕಾಲದಲ್ಲಿ ಆಲ್ಬರ್ಟರು ಅವನ್ನೆಲ್ಲ ಓದಿ ವಿವರಿಸಿದರು. ಹಾಗೆಂದು ಅವನು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಲಿಲ್ಲ. ಅವನೂ ಮನುಷ್ಯ, ತಪ್ಪಬಲ್ಲ ಎಂಬುದು ಅವರ ನಿಲುವು.

ಒಂದು ಜಾತಿಯ ಹೆಬ್ಬಾತು ಮರದಲ್ಲಿ ಹುಟ್ಟಿ, ಕೊಂಬೆಗೆ ಜೋತುಬಿದ್ದು ಬೆಳೆಯುತ್ತದೆಂದು ಆಗ ಜನ ನಂಬಿದ್ದರು. ಆದ್ದರಿಂದ ಉಪವಾಸದ ದಿನಗಳಲ್ಲೂ ಅದನ್ನು ತಿನ್ನಬಹುದೆಂದು ವಾದಿಸಿದವರುಂಟು! ಆಲ್ಬರ್ಟರಾದರೋ ಆ ಹಕ್ಕಿ ಮೊಟ್ಟೆಯಿಟ್ಟು ಮರಿಗಳನ್ನು ಸಾಕುವುದನ್ನು ಕಣ್ಣಾರೆ ಕಂಡು, ಆ ಮಾತು ಸುಳ್ಳೆಂದು ಬರೆದರು. ಉಷ್ಟ್ರಪಕ್ಷಿ ಕಬ್ಬಿಣ ತಿನ್ನುತ್ತದೆಂಬ ಮಾತನ್ನು ಕೇಳಿ, ತಾವೇ ಕಬ್ಬಿಣವನ್ನು ಇಟ್ಟು ನೋಡಿದರು. ಹಕ್ಕಿ ತಿನ್ನಲಿಲ್ಲ. ಮಹಾಪಂಡಿತರೊಬ್ಬರು ಕಬ್ಬಿಣದ ಚೂರು ಹಿಡಿದು ಹಕ್ಕಿಯ ಮುಂದೆ ಕಾದು ನಿಂತದ್ದನ್ನು ನೆನೆದರೆ ನಮಗೆ ನಗುವೂ ಬರುತ್ತದೆ, ಗೌರವವೂ ಹುಟ್ಟುತ್ತದೆ. ಪ್ರಾಣಿಗಳ ಕುರಿತು ಅವರು ಬರೆದ ಗ್ರಂಥದಲ್ಲಿ 26 ಭಾಗಗಳಿವೆ. ನಿಸರ್ಗವನ್ನು ಅಭ್ಯಾಸ ಮಾಡುವಾಗ ಪವಾಡಗಳನ್ನು ಅರಸದೆ, ದೇವರು ನಿಸರ್ಗದಲ್ಲೇ ಇಟ್ಟಿರುವ ಕಾರಣಗಳನ್ನು ಹುಡುಕಬೇಕು ಎಂದು ಅವರು ಕಲಿಸಿದರು. ದೇವರನ್ನು ದೂರವಿಡುವ ಮಾತಲ್ಲ ಇದು. ಸೃಷ್ಟಿಯನ್ನು ದೇವರ ಕೆಲಸವೆಂದು ಗೌರವಿಸುವವರ ಮಾತು.

1260ರಲ್ಲಿ ಪೋಪ್ ನಾಲ್ಕನೇ ಅಲೆಕ್ಸಾಂಡರರು ಇವರನ್ನು ರೇಗನ್ಸ್‌ಬರ್ಗಿನ ಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. ಪದವಿಯನ್ನು ಒಪ್ಪಿಕೊಳ್ಳಬೇಡಿರೆಂದು ದೊಮಿನಿಕರ ಸಭೆಯ ಶ್ರೇಷ್ಠರು ಕಾಗದ ಬರೆದು ಬೇಡಿದರೂ ಆಲ್ಬರ್ಟರು ಪೋಪರ ಮಾತಿಗೆ ತಲೆಬಾಗಿದರು. ಧರ್ಮಕ್ಷೇತ್ರ ಸಾಲದಲ್ಲಿತ್ತು. ಅವರು ಕುದುರೆಯೇರದೆ ಕಾಲ್ನಡಿಗೆಯಲ್ಲೇ ಸುತ್ತುತ್ತಿದ್ದರು. ಅವರ ಒರಟು ಪಾದರಕ್ಷೆಯನ್ನು ಕಂಡು ಜನ ಅಡ್ಡಹೆಸರನ್ನೂ ಇಟ್ಟರಂತೆ. ವ್ಯವಸ್ಥೆಯನ್ನು ಸರಿಪಡಿಸಿದ ಮೇಲೆ, 1262ರಲ್ಲಿ ಅನುಮತಿ ಪಡೆದು ಪದವಿಯನ್ನು ಬಿಟ್ಟರು. ಧರ್ಮಸಭೆಯ ಇತರ ಹೊಣೆಗಳ ನಡುವೆಯೂ ಓದು, ಬೋಧನೆಗಳನ್ನು ಬಿಡಲಿಲ್ಲ.

1280ರ ನವೆಂಬರ್ 15ರಂದು ಕೊಲೋನ್‌ನಲ್ಲಿ ನಿಧನರಾದರು. 1931ರಲ್ಲಿ ಪೋಪ್ ಹನ್ನೊಂದನೇ ಪಿಯುಸರು ಅವರನ್ನು ಸಂತರೆಂದೂ ಧರ್ಮಸಭೆಯ ಪಂಡಿತರೆಂದೂ ಘೋಷಿಸಿದರು. 1941ರಲ್ಲಿ ಹನ್ನೆರಡನೇ ಪಿಯುಸರು ಅವರನ್ನು ನಿಸರ್ಗ ವಿಜ್ಞಾನಿಗಳ ಪಾಲಕರನ್ನಾಗಿ ಕೊಟ್ಟರು. ಪರೀಕ್ಷೆಗೆ ಕೂರುವ ನಮ್ಮ ಮಕ್ಕಳು ಅವರ ಪ್ರಾರ್ಥನಾ ಸಹಾಯವನ್ನು ಬೇಡಿಕೊಳ್ಳಲಿ.