ವೃತ್ತಿನಿಷ್ಠೆಗೊಂದು ಅಳತೆಗೋಲು

ಜ್ವರದ ಏರಿಳಿತವನ್ನು ಉಷ್ಣಮಾಪಕವು ತಿಳಿಸುತ್ತದೆ. ರಕ್ತದೊತ್ತಡವನ್ನು ಅರಿಯುವುದಕ್ಕೂ ಉಪಕರಣವುಂಟು. ಇವೆರಡನ್ನೂ ದಿನವೂ ಕೈಯಲ್ಲಿ ಹಿಡಿಯುವ ದಾದಿಗೆ ತನ್ನ ವೃತ್ತಿಯಲ್ಲಿರುವ ನಿಷ್ಠೆ ಎಷ್ಟೆಂಬುದನ್ನು ಯಾವ ಉಪಕರಣದಿಂದ ಅಳೆಯೋಣ? ಮನಸ್ಸಿನ ಸಂಗತಿಗೆ ಸೇರು ಪಾವುಗಳನ್ನು ಹಿಡಿಯಲಾದೀತೇ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ ಸರಿ.

‘ನಿಮಗೆ ವೃತ್ತಿನಿಷ್ಠೆ ಇದೆಯೇ?’ ಎಂದು ನೇರವಾಗಿ ಕೇಳಿದರೆ ಇಲ್ಲವೆನ್ನಲು ಯಾರಿಗಾದರೂ ಸಂಕೋಚವೇ. ಅದೂ ಅಲ್ಲದೆ, ಒಂದೇ ಪ್ರಶ್ನೆಗೆ ದೊರೆತ ಉತ್ತರವು ಆ ದಿನದ ಬೇಸರವನ್ನೋ ಉತ್ಸಾಹವನ್ನೋ ತೋರಿಸೀತೇ ಹೊರತು ಸ್ಥಿರವಾದ ಭಾವವನ್ನಲ್ಲ. ಮನೋಭಾವಗಳನ್ನೂ ಅಳೆಯಬಹುದೆಂದು ಶಿಕಾಗೋ ವಿಶ್ವವಿದ್ಯಾನಿಲಯದ ಥರ್‌ಸ್ಟನ್ ಅವರು 1928ರಲ್ಲಿ ವಾದಿಸಿದರು. ಅವರ ವಿಧಾನ ಬಹು ಶ್ರಮದ್ದು. ಹೇಳಿಕೆಗಳನ್ನು ತೀರ್ಪುಗಾರರು ಮೊದಲೇ 11 ಗುಂಪುಗಳಾಗಿ ವಿಂಗಡಿಸಿಕೊಡಬೇಕಾಗಿತ್ತು. 1932ರಲ್ಲಿ ರೆನ್ಸಿಸ್ ಲಿಕರ್ಟ್ ಅವರು ಈ ಹಾದಿಯನ್ನು ಸುಗಮಗೊಳಿಸಿದರು. ತೀರ್ಪುಗಾರರ ಗೊಡವೆಯೇ ಬೇಡ. ಒಂದೊಂದು ಹೇಳಿಕೆಯ ಮುಂದೆಯೂ ‘ಖಂಡಿತ ಒಪ್ಪುವುದಿಲ್ಲ’ ಎಂಬುದರಿಂದ ‘ಖಂಡಿತ ಒಪ್ಪುತ್ತೇನೆ’ ಎಂಬುದರವರೆಗೆ ಐದು ಮೆಟ್ಟಿಲುಗಳನ್ನಿಟ್ಟು, ಗುರುತು ಬಿದ್ದ ಮೆಟ್ಟಿಲಿನ ಅಂಕಗಳನ್ನು ಕೂಡಿದರಾಯಿತು.

ಇಲ್ಲೊಂದು ಜಾಣತನವಿದೆ. ‘ಬಿಡುವಿನಲ್ಲಿಯೂ ನನ್ನ ಕೆಲಸದ ವಿಷಯವನ್ನು ಓದಬೇಕೆನಿಸುತ್ತದೆ’ ಎಂಬಂಥ ಹೇಳಿಕೆಗಳು ಎರಡು, ‘ಈ ಕೆಲಸದ ಮಾತೆತ್ತಿದರೇ ಬೇಸರ’ ಎಂಬಂಥವು ಎರಡು ಇವೆ ಎನ್ನೋಣ. ಎರಡನೆಯ ಬಗೆಯಲ್ಲಿ ಅಂಕವನ್ನು ತಿರುವುಮುರುವಾಗಿ ಎಣಿಸುತ್ತಾರೆ: 5 ಇದ್ದದ್ದು 1 ಆಗುತ್ತದೆ. ಓದಿಯೂ ನೋಡದೆ ಎಲ್ಲಕ್ಕೂ ‘ಖಂಡಿತ ಒಪ್ಪುತ್ತೇನೆ’ ಎಂದು ಗೀಚಿದವನಿಗೆ ದೊರೆಯುವುದು 5, 5, 1, 1, ಒಟ್ಟು 12; ಅಂದರೆ 4ಕ್ಕೂ 20ಕ್ಕೂ ನಟ್ಟನಡುವೆ! ಹೂಂಗುಟ್ಟುವ ಸ್ವಭಾವಕ್ಕೆ ಇಲ್ಲಿ ಬಹುಮಾನವಿಲ್ಲ.

ಅಳೆಯುವ ಉಪಾಯ ಸಿಕ್ಕಿದ ಮೇಲೂ ಅಳೆಯತಕ್ಕದ್ದೇನೆಂಬ ಪ್ರಶ್ನೆ ಉಳಿಯಿತು. ಒಂದು ಆಸ್ಪತ್ರೆಯನ್ನು ಬಿಟ್ಟು ಇನ್ನೊಂದನ್ನು ಸೇರಿದ ದಾದಿಯು ಸಂಸ್ಥೆಯನ್ನು ತೊರೆದಳೇ ವಿನಾ ವೃತ್ತಿಯನ್ನು ತೊರೆಯಲಿಲ್ಲ. 1979ರಲ್ಲಿ ಮೌಡೆ, ಸ್ಟೀಯರ್ಸ್, ಪೋರ್ಟರ್ ಅವರು ಪ್ರಕಟಿಸಿದ 15 ಹೇಳಿಕೆಗಳ ಪಟ್ಟಿ ಸಂಸ್ಥಾನಿಷ್ಠೆಗೆ ಸಂಬಂಧಿಸಿದ್ದು. ವೃತ್ತಿನಿಷ್ಠೆಗೇ ಪ್ರತ್ಯೇಕವಾದ ಮಾನವೊಂದನ್ನು ಗ್ಯಾರಿ ಬ್ಲಾ ಅವರು 1985ರಲ್ಲಿ ಮುಂದಿಟ್ಟರು.

ಮುಂದೆ ಕೆನಡಾದ ಮೇಯರ್ ಮತ್ತು ಆಲನ್ ಅವರು ನಿಷ್ಠೆಯೆಂಬುದು ಒಂದೇ ಎಳೆಯಲ್ಲ, ಮೂರೆಳೆಯ ಹುರಿ ಎಂದು 1991ರಲ್ಲಿ ಪ್ರತಿಪಾದಿಸಿದರು. ಒಂದು ಒಲವು, ಇನ್ನೊಂದು, ಬಿಟ್ಟರೆ ಆಗುವ ನಷ್ಟದ ಲೆಕ್ಕ, ಮತ್ತೊಂದು, ಬಿಡುವುದು ತರವಲ್ಲವೆಂಬ ಋಣಭಾವ. 1993ರಲ್ಲಿ ಸ್ಮಿತ್ ಅವರೊಡಗೂಡಿ ಇದನ್ನೇ ವೃತ್ತಿಗೆ ಅನ್ವಯಿಸಿ, ದಾದಿಯರ ಮೇಲೆಯೂ ದಾದಿಯ ಶಿಕ್ಷಣ ಪಡೆಯುತ್ತಿದ್ದ ವಿದ್ಯಾರ್ಥಿಗಳ ಮೇಲೆಯೂ ಪರೀಕ್ಷಿಸಿದರು.

ಇದರ ಮಹತ್ವವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಏಳು ಮೆಟ್ಟಿಲಿನ ಮಾನದಲ್ಲಿ ಒಬ್ಬ ದಾದಿಗೆ ಒಲವು 6, ನಷ್ಟದ ಲೆಕ್ಕ 2, ಋಣ 4. ಇನ್ನೊಬ್ಬಳಿಗೆ ಕ್ರಮವಾಗಿ 2, 6, 4. ಕೂಡಿದರೆ ಇಬ್ಬರದೂ 12. ಆದರೆ ಮೊದಲನೆಯವಳು ಇರುವುದು ಮನಸ್ಸೊಪ್ಪಿ. ಎರಡನೆಯವಳು, ಕಲಿತದ್ದು ವ್ಯರ್ಥವಾದೀತು, ಸಂಬಳ ತಪ್ಪೀತು ಎಂಬ ಅಂಜಿಕೆಯಿಂದ. ಇಬ್ಬರಿಗೂ ಒಂದೇ ನಿಷ್ಠೆಯೆಂದು ಬರೆದುಕೊಳ್ಳುವ ಮೇಲಧಿಕಾರಿಗೆ ಎರಡನೆಯವಳ ಬವಣೆ ಕಾಣುವುದೇ ಇಲ್ಲ. ಇದು ಬರಿಯ ಪಂಡಿತರ ಸೂಕ್ಷ್ಮವೆನ್ನುವಂತಿಲ್ಲ. ಸಂಸ್ಥಾನಿಷ್ಠೆಯ ಅನೇಕ ಅಧ್ಯಯನಗಳನ್ನು 2002ರಲ್ಲಿ ಮೇಯರ್ ಮತ್ತು ಸಂಗಡಿಗರು ಒಟ್ಟುಗೂಡಿಸಿ ನೋಡಿದಾಗ, ಒಲವು ಹೆಚ್ಚಿದ್ದಲ್ಲಿ ಕೆಲಸವೂ ಮೇಲಾಗಿರುವ ಒಲವರ ಕಂಡಿತು. ನಷ್ಟದ ಲೆಕ್ಕ ಹೆಚ್ಚಿದ್ದಲ್ಲಿ ಹಾಗೆ ಕಾಣಲಿಲ್ಲ.

ಮಾನವು ನಂಬತಕ್ಕದ್ದೇ? ಒಂದೇ ಎಳೆಯ ಹೇಳಿಕೆಗಳಿಗೆ ಬಂದ ಉತ್ತರಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನು ಕ್ರಾನ್‌ಬಾಕ್ ಅವರು 1951ರಲ್ಲಿ ಬಳಕೆಗೆ ತಂದ ‘ಆಲ್ಫಾ’ ಎಂಬ ಸಂಖ್ಯೆಯಿಂದ ಪರಿಶೀಲಿಸುತ್ತಾರೆ, ಅದು 0.7ಕ್ಕೆ ಮೇಲಿದ್ದರೆ ಸಮಾಧಾನಪಡುವುದು ರೂಢಿ. ಆದರೆ ತಪ್ಪು ಗುರುತಿನ ಗಜಕೋಲೂ ಪ್ರತಿಸಲ ಒಂದೇ ತಪ್ಪನ್ನು ತೋರಿಸೀತು. ಉತ್ತರದ ಹಾಳೆ ಮೇಲಧಿಕಾರಿಯ ಕೈಸೇರುವುದೆಂದು ತಿಳಿದರಂತೂ ಗುರುತುಗಳು ತಾವಾಗಿಯೇ ಮೇಲೇರುತ್ತವೆ.

ಕನ್ನಡಕ್ಕೆ ತರುವಾಗ ಇನ್ನೊಂದು ತೊಡಕು. ನಮ್ಮ ‘ನಿಷ್ಠೆ’ಯಲ್ಲಿ ಕರ್ತವ್ಯದ ವಾಸನೆ ಬಲವಾಗಿದೆ, ಆ ಪದವನ್ನು ಹೇಳಿಕೆಯಲ್ಲೇ ಇಟ್ಟರೆ ಒಲವನ್ನು ಕೇಳಹೊರಟು ಋಣವನ್ನು ಅಳೆದಂತಾದೀತು. ಆದುದರಿಂದ ಭಾಷಾಂತರಿಸಿದ ಪಟ್ಟಿಯನ್ನು, ಮೂಲವನ್ನು ಕಾಣದ ಮತ್ತೊಬ್ಬರಿಂದ ಪುನಃ ಮೂಲಭಾಷೆಗೆ ತಿರುಗಿಸಿ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸುವ ಪದ್ಧತಿಯಿದೆ.