ಜ್ವಾಲೆಯಂತಹ ಮಡಕೆಗಳು

ಮಡಕೆಯನ್ನು ಅಲಂಕರಿಸುವ ವಿಧಾನಗಳು ಹಲವು. ಬಣ್ಣ ಬಳಿಯುವುದುಂಟು, ಹಸಿ ಮಣ್ಣಿನ ಮೇಲೆ ಗೆರೆಗಳನ್ನು ಕೊರೆಯುವುದುಂಟು. ಇವೆರಡಕ್ಕಿಂತ ಕಠಿಣವಾದುದು, ಮಣ್ಣಿನಿಂದಲೇ ಬಳ್ಳಿ, ಸುರುಳಿ, ಶಿಖರಗಳನ್ನು ರೂಪಿಸಿ ಮಡಕೆಯ ಮೈಗೆ ಕೂಡಿಸುವ ಉಬ್ಬುಶಿಲ್ಪದ ಕೆಲಸ. ಈ ಕಲೆಯಲ್ಲಿ ಜಪಾನಿನ ಪ್ರಾಚೀನ ಜನರು ಪಡೆದಿದ್ದ ನೈಪುಣ್ಯವು ಇಂದಿಗೂ ಬೆರಗುಗೊಳಿಸುವಂತಹುದು.

1877ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ ಟೋಕಿಯೊ ಸಮೀಪದ ಓಮೋರಿಯಲ್ಲಿ ಚಿಪ್ಪುಗಳ ದಿಬ್ಬವೊಂದನ್ನು ಅಗೆಸಿದನು. ಅಲ್ಲಿ ಹುರಿಯನ್ನು ಒತ್ತಿದ ಗುರುತುಗಳುಳ್ಳ ಮಡಕೆಯ ಚೂರುಗಳು ದೊರೆತವು. ‘ಹುರಿಯ ಗುರುತು’ ಎಂಬ ಅರ್ಥವುಳ್ಳ ‘ಜೋಮೋನ್’ ಎಂಬ ಹೆಸರು ಮುಂದೆ ಆ ಯುಗಕ್ಕೇ ನಿಂತಿತು. ಈ ಯುಗದ ಮಧ್ಯಭಾಗದಲ್ಲಿ, ಅಂದರೆ ಸುಮಾರು 5,000 ವರ್ಷಗಳ ಹಿಂದೆ, ಈಗಿನ ನೀಗಾತ ಪ್ರಾಂತದ ಶಿನಾನೊ ನದಿಯ ಆಸುಪಾಸಿನಲ್ಲಿ ವಿಶಿಷ್ಟವಾದ ಮಡಕೆಗಳು ರೂಪುಗೊಂಡವು. ಬಾಯಂಚಿನಿಂದ ಮೇಲೆದ್ದ ನಾಲ್ಕು ಶಿಖರಗಳು, ಗರಗಸದ ಹಲ್ಲುಗಳಂತಹ ಅಂಚು, ಮೈತುಂಬ ಹರಿದಾಡುವ ಸುರುಳಿಗಳು. ನೋಡುವವರಿಗೆ ಮಡಕೆಯೇ ಉರಿಯುತ್ತಿರುವಂತೆ ಭಾಸವಾಗುತ್ತದೆ. ಆದುದರಿಂದಲೇ ಇವುಗಳಿಗೆ ಜ್ವಾಲೆಯ ಮಡಕೆಗಳೆಂದು ಹೆಸರಾಯಿತು.

ಆ ಜನರಲ್ಲಿ ತಿಗರಿ ಇರಲಿಲ್ಲ. ಕಟ್ಟಿದ ಆವಿಗೆಯೂ ಇರಲಿಲ್ಲ. ಮಣ್ಣನ್ನು ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಿ, ಸಂದುಗಳನ್ನು ತೀಡಿ ಪಾತ್ರೆಯನ್ನು ಎತ್ತರಿಸುತ್ತಿದ್ದರು. ಬಯಲಿನ ಬೆಂಕಿಯಲ್ಲಿ ಸುಡುತ್ತಿದ್ದರು. ಹೀಗಿರುವಾಗ ಅಷ್ಟು ತೊಡಕಾದ ಅಲಂಕಾರವನ್ನು ಉಳಿಸಿಕೊಳ್ಳುವುದು ಸುಲಭದ ಮಾತಲ್ಲ.

ಇದರ ಕಷ್ಟವಿರುವುದು ಮಣ್ಣಿನ ಗುಣದಲ್ಲಿಯೇ. ಮಣ್ಣು ಒಣಗುವಾಗ ಕುಗ್ಗುತ್ತದೆ. ಒಣಗಿದ ಮಡಕೆಗೆ ಹಸಿಯಾದ ಸುರುಳಿಯನ್ನು ಅಂಟಿಸಿದರೆ, ಮಡಕೆ ಕುಗ್ಗಿ ಮುಗಿದಿರುತ್ತದೆ. ಸುರುಳಿ ಮಾತ್ರ ಇನ್ನೂ ಕುಗ್ಗುತ್ತದೆ. ಆಗ ಕೂಡಿಸಿದೆಡೆಯಲ್ಲಿ ಬಿರುಕು ಮೂಡಿ ಅಲಂಕಾರ ಕಳಚಿ ಬೀಳುತ್ತದೆ. ಆದುದರಿಂದ ಎರಡರಲ್ಲಿಯೂ ಒಂದೇ ಹದದ ತೇವವಿರಬೇಕು. ಕೂಡಿಸುವ ಜಾಗವನ್ನು ಗೀರಿ ಒರಟುಮಾಡಿ, ನೀರಿನಲ್ಲಿ ಕದಡಿದ ಅದೇ ಮಣ್ಣನ್ನು ಸವರಿ, ನಡುವೆ ಗಾಳಿ ಉಳಿಯದಂತೆ ಒತ್ತಬೇಕು. ಬಳಿಕ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ದಪ್ಪವಾದ ಭಾಗದೊಳಗೆ ನೀರು ಉಳಿದರೆ ಅದು ಬೆಂಕಿಯಲ್ಲಿ ಆವಿಯಾಗಿ, ಹೊರಬರಲು ದಾರಿ ಕಾಣದೆ ಮಣ್ಣನ್ನು ಸಿಡಿಸುತ್ತದೆ. ಹಲವು ದಿನಗಳ ಶ್ರಮ ಒಂದು ಕ್ಷಣದಲ್ಲಿ ಚೂರಾಗುತ್ತದೆ.

ಇಷ್ಟು ಎಚ್ಚರದಿಂದ ಮಾಡಿದ ಪಾತ್ರೆಗಳನ್ನು ಆ ಜನರು ಕೇವಲ ನೋಡಲು ಇರಿಸಿಕೊಳ್ಳಲಿಲ್ಲ. ಹಲವು ಮಡಕೆಗಳ ಒಳಮೈಯಲ್ಲಿ ಸೀದುಹೋದ ಆಹಾರದ ಕುರುಹುಗಳಿವೆ. ಅವು ಅಡುಗೆಯ ಒಲೆಯನ್ನು ಕಂಡ ಪಾತ್ರೆಗಳು. ಟೋಕಾಮಾಚಿ ನಗರದ ಸಾಸಾಯಾಮ ನೆಲೆಯಲ್ಲಿ ದೊರೆತ ಇಂತಹ ಮಡಕೆಗಳನ್ನು ಜಪಾನ್ ಸರ್ಕಾರವು 1999ರಲ್ಲಿ ರಾಷ್ಟ್ರೀಯ ನಿಧಿಯೆಂದು ಘೋಷಿಸಿತು.

ಮೇಲೆ ಅಂಟಿಸಿದ ಅಲಂಕಾರ ಬೆಂಕಿಗೆ ನಿಲ್ಲದು. ಮೈಯೊಡನೆ ಒಂದಾದ ಅಲಂಕಾರ ಮಾತ್ರ ನಿಲ್ಲುತ್ತದೆ. ಹೆಸರು ಉಳಿಯದ ಆ ಕುಂಬಾರರ ಸುರುಳಿಗಳು ಸಾವಿರಾರು ವರ್ಷ ಮಣ್ಣಿನಡಿಯಲ್ಲಿ ಹುದುಗಿದ್ದು, ಈ ಸತ್ಯಕ್ಕೆ ಸಾಕ್ಷಿಯಾಗಿ ಹೊರಬಂದಿವೆ.